ಊರಿನ ಮೂರಕ್ಷರ

ಕಬ್ಬನ್ ಪೇಟೆಯ ಹನುಮಂತಸಾ ಬಂದಾಗ
ಕರೆಂಟು ಹೋಗಿತ್ತು. ಯುಪಿಎಸ್ ಕುಂಯ್‌ಗುಡುತ್ತಿತ್ತು.
ಇನ್‌ಫೆಂಟ್ರಿ ರಸ್ತೆ, ಎರಡನೇ ಮಹಡಿ, ಲಿಫ್ಟಿಲ್ಲ.
ಏದುಸಿರು ಇಳಿಯುವತನಕ ಕೂತು
ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು:
ಮಿಲಾನಿನಲ್ಲಿ ಜವಳಿ ಪ್ರದರ್ಶನವಂತೆ,
ಐದು ದಿನ ಮಗ್ಗದಲ್ಲಿ ಕೂತು ನೇಯ್ದು ತೋರಿಸಬೇಕಂತೆ,
ಟಿಕೆಟ್ಟಿನ ದುಡ್ಡು ಆಮೇಲೆ ಕೊಡುತ್ತಾರಂತೆ.
‘ಆಮೇಲೆ’ ಅಂದಾಗ ಇಬ್ಬರಿಗೂ ನಗು ಬಂತು.

ಕಾಗದದ ಮೂಲೆಯಲ್ಲಿ ಯಾರೋ ಗೀಚಿದ್ದರು: ಎಂ ಎಕ್ಸ್ ಪಿ.
ಅದನ್ನೇ ಒತ್ತಿದೆ. ತೊಂಬತ್ತೆರಡು ಸಾವಿರ.
ಅವರು ಪರದೆ ನೋಡಲಿಲ್ಲ, ಬಣ್ಣ ಹತ್ತಿದ ಉಗುರು ನೋಡಿಕೊಂಡರು.
‘ಹನ್ನೆರಡು ಸೀರೆಯ ಕೂಲಿ’ ಅಂದರು, ನನಗಲ್ಲ.

ಫ್ಲಾರೆನ್ಸಮ್ಮ ನೆನಪಾದರು.
ಕಪ್ಪು ಪರದೆಯ ಹಸಿರು ಅಕ್ಷರದ ಕಾಲದವರು,
ಫ್ರೇಜರ್ ಟೌನಿನಿಂದ ಸೈಕಲ್ ತುಳಿದು ಬಂದು
ನನ್ನ ಬೆರಳಿಗೆ ಸ್ಕೇಲಿನಿಂದ ತಟ್ಟಿ ಹೇಳುತ್ತಿದ್ದರು:
‘ಹುಡುಕುವಾಗ ಊರು ಕೇಳೇ, ಬಾಗಿಲು ಕೇಳಬೇಡ.’
ಲಂಡನ್ನಿಗೆ ಆರು ಬಾಗಿಲು,
ಎಲ್ ಓ ಎನ್ ಅಂದರೆ ಆರೂ ಒಟ್ಟಿಗೆ ತೆರೆಯುತ್ತವೆ.
ನ್ಯೂಯಾರ್ಕಿಗೆ ಮೂರು, ಒಂದು ಪಕ್ಕದ ರಾಜ್ಯದಲ್ಲಿ.
ಟೋಕಿಯೋಗೆ ಎರಡು,
ನಡುವೆ ಒಂದು ನಿದ್ದೆ ಮುಗಿಸುವಷ್ಟು ಬಸ್ಸು.

ಎಂ ಎಕ್ಸ್ ಪಿ ಅಳಿಸಿದೆ. ಎಂ ಐ ಎಲ್.
ಪಟ್ಟಿ ಉದ್ದವಾಯಿತು, ಕೆಳಗೆ, ಇನ್ನೂ ಕೆಳಗೆ,
ಫ್ರಾಂಕ್‌ಫರ್ಟಿನಲ್ಲಿ ಮೂರು ಗಂಟೆ ಕಾದರೆ
ಎಪ್ಪತ್ತಮೂರು ಸಾವಿರದ ನಾನೂರು.
‘ಎರಡೂವರೆ ಸೀರೆ ಉಳೀತು’ ಅಂದರು ಹನುಮಂತಸಾ,
ಲೆಕ್ಕ ನನಗಿಂತ ಬೇಗ.

ಆದರೆ ಫ್ಲಾರೆನ್ಸಮ್ಮನ ಮಾತಿಗೆ ಇನ್ನರ್ಧ ಇತ್ತು.
ಅದು ನನ್ನ ಕಿವಿಗೆ ಬಿದ್ದದ್ದು ತಡವಾಗಿ,
ಪ್ರೇಮಲೀಲಾ ಅನ್ನುವ ನರ್ಸು
ಎರಡು ಮಕ್ಕಳ ಜೊತೆ ಗ್ಯಾಟ್‌ವಿಕ್ಕಿನಲ್ಲಿ ನಿಂತು
‘ವಿಮಾನ ಕಾಣ್ತಿಲ್ಲ ಮೇಡಂ’ ಅಂತ ಫೋನು ಮಾಡಿದ ಬೆಳಿಗ್ಗೆ.
ವಿಮಾನ ಹೀಥ್ರೂವಿನಲ್ಲಿತ್ತು.
ಇಳಿದ ಕಡೆಯಿಂದಲೇ ಹತ್ತುವುದೆಂದು ನಾನೂ ನಂಬಿದ್ದೆ,
ಓದಿರಲಿಲ್ಲ.
‘ಹುಡುಕುವಾಗ ಊರು, ಕೊಡುವಾಗ ಬಾಗಿಲು’
ಅಷ್ಟು ಹೇಳಿ ಫ್ಲಾರೆನ್ಸಮ್ಮ ಆ ದಿನ ಸ್ಕೇಲು ಮುಟ್ಟಲಿಲ್ಲ.
ಅದೇ ಹೆಚ್ಚು ನೋವಾಯಿತು.

ಅಂದಿನಿಂದ ಟಿಕೆಟ್ಟಿನ ಹಿಂದೆ ಕೆಂಪು ಶಾಯಿ, ದಪ್ಪ ಕನ್ನಡ:
ಇಳಿಯುವುದು ಲಿನಾಟೆ.
ಹತ್ತುವುದು ಮಾಲ್ಪೆನ್ಸಾ.
ಬೇರೆ ಬೇರೆ. ನಡುವೆ ಗಂಟೆಗೂ ಮೇಲೆ ದಾರಿ.

ಹನುಮಂತಸಾ ಎರಡು ಸಲ ಓದಿದರು.
‘ಗೊತ್ತಾಯಿತು ಬಿಡಮ್ಮ. ನಮ್ಮಣ್ಣನ ಮಗನ ನಿಶ್ಚಿತಾರ್ಥಕ್ಕೆ
ಮೈಸೂರಿನ ಬಸ್ಸಿಗೆ ನಾವು ಮೆಜೆಸ್ಟಿಕ್‌ನಲ್ಲಿ ನಿಂತಿದ್ದೆವು,
ಬೀಗರು ಸ್ಯಾಟಲೈಟಿನಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು.
ಎರಡೂ ಬೆಂಗಳೂರೇ.’

ಎದ್ದು ನಿಂತು, ಮತ್ತೆ ಕೂತರು.
‘ನಮ್ಮೂರಿಗೆ ಎಷ್ಟು ಬಾಗಿಲು?’
ಈಗ ಒಂದೇ, ಅಂದೆ.
ಮುಂಚೆ ಎಚ್‌ಎಎಲ್ ಹತ್ತಿರ ಇತ್ತು,
ಎರಡು ಸಾವಿರದ ಎಂಟರ ಒಂದು ರಾತ್ರಿ
ಬಿ ಎಲ್ ಆರ್ ಅನ್ನೋ ಮೂರಕ್ಷರ ಕಿತ್ತುಕೊಂಡು
ದೇವನಹಳ್ಳಿಗೆ ಹೊರಟರು,
ಬಾಡಿಗೆ ಮನೆ ಬಿಡುವವರು
ಗೋಡೆಯ ಹೆಸರುಹಲಗೆ ತಿರುಪು ಬಿಚ್ಚಿ ಒಯ್ಯುವ ಹಾಗೆ.

‘ದೇವನಹಳ್ಳಿಯಿಂದ ಕಬ್ಬನ್ ಪೇಟೆಗೆ ಟ್ಯಾಕ್ಸಿ,
ಅದೂ ಇದರಲ್ಲಿ ಸೇರಿದೆಯಾ?’
ಇಲ್ಲ.
‘ಅದೇ ಮತ್ತೆ’ ಅಂದರು. ಕರೆಂಟು ಬಂತು.

ಆರೂವರೆಗೆ ಬಾಗಿಲು ಹಾಕಿ ಬಸ್ಸು ಹತ್ತಿದೆ.
‘ಎಲ್ಲಿಗೆ?’ ‘ಮೆಜೆಸ್ಟಿಕ್.’
ರೈಲಾ, ಬಸ್ಸಾ, ಮೆಟ್ರೋನಾ ಅಂತ ಕಂಡಕ್ಟರ್ ಕೇಳಲಿಲ್ಲ,
ಹರಿದು ಕೊಟ್ಟ, ಸೊನ್ನೆ ರೂಪಾಯಿಯ ಚೀಟಿ.
ಇಡೀ ದಿನ ಹುಡುಕಿದರೂ ಇಷ್ಟು ಅಗ್ಗದ್ದು ಸಿಕ್ಕಿರಲಿಲ್ಲ.
ಅಭ್ಯಾಸಬಲ, ಹಿಂದೆ ತಿರುಗಿಸಿ ನೋಡಿದೆ.
ಏನೂ ಬರೆದಿರಲಿಲ್ಲ.