ಮಿನಿಟ್ಸ್ ಪುಸ್ತಕ

ಮೊದಲ ಪುಟದಲ್ಲಿ ಬರೀ ಚಂದಾ ಲೆಕ್ಕ:
ತಲೆಗೆ ನಾಲ್ಕಾಣೆ, ಪಂಪಿಗೆ ಎರಡು ರೂಪಾಯಿ.
ಬೂಟು ಇರುವುದು ಹಾಲೇಶಪ್ಪನಿಗೆ ಮಾತ್ರ,
ಅದೂ ಎಡಗಾಲಿನದು.

ಎರಡನೇ ಪಾಳಿಯ ಸೈರನ್ ಕೂಗಿದರೆ
ಪಂದ್ಯ ಅಲ್ಲಿಗೇ ಮುಗಿಯಿತು;
ಹಾಗೆ ನಾವು ಸೋಲದೆ ಉಳಿದದ್ದು ಒಂಬತ್ತು ಸಲ.

ಹರಿಹರದವರ ಮೇಲೆ ಗೆದ್ದ ದಿನ
ಕೀಪರ್ ದಸ್ತಗೀರನ ಕೈಬರಹ ನಡುಗಿದೆ,
ಸ್ಕೋರನ್ನು ಮೂರು ಸಲ ಬರೆದಿದ್ದಾನೆ.

ಮಿಲ್ಲು ಮುಚ್ಚಿದ ವರ್ಷಕ್ಕೆ ಪುಟವಿಲ್ಲ.
ಆಮೇಲೆ ಬೇರೆ ಮಸಿ, ಬೇರೆ ಹೆಸರು,
ಹನ್ನೊಂದು ಜನ ಸೇರದ ಭಾನುವಾರಗಳು.

ಮೈದಾನವೆಲ್ಲ ಈಗ ಸೈಟು ನಂಬರು.
ಒಂದು ಗೋಲುಕಂಬ ಮಾತ್ರ
ಮಂಡಕ್ಕಿ ಭಟ್ಟಿಯ ತಗಡು ಹೊತ್ತು ನಿಂತಿದೆ.
ಹೊಟ್ಟಿನ ಹೊಗೆಯಲ್ಲಿ ದಸ್ತಗೀರನ ಮೊಮ್ಮಗಳು
ಖಾಲಿ ಚೀಲ ಉಂಡೆಕಟ್ಟಿ ಒದೆಯುತ್ತಾಳೆ:
ಕಂಬಕ್ಕೆ ಬಡಿಯಿತು.

ಬರೆಯಲು ಹಾಳೆ ಉಳಿದಿವೆ, ಎರಡು.