ಶನಿವಾರ ಹುಟ್ಟಿದವಳು

ಕೊಬ್ಬರಿ ಮಂಡಿಯಲ್ಲಿ ಬೋನಸ್ಸು ಕೊಟ್ಟ ವಾರ
ಹಾಲಮ್ಮತ್ತೆ ಹೇಳಿದ ಹಾಗೆ ಓಲೆ ಮಾಡಿಸಲಿಲ್ಲ.
ಹಾಸನದಿಂದ ಪಾರ್ಸೆಲ್ಲು ಬಂತು:
ತೋಳುದ್ದದ ಒಂದು ಕೊಳವೆ, ಮೂರು ಕಾಲು,
ಯಾವ ಭಾಷೆಯೋ ತಿಳಿಯದ ಒಂದು ಚೀಟಿ,
ಎರಡು ಸ್ಕ್ರೂ ಕಡಿಮೆ.

ಮೂರನೇ ಕಾಲು ಗಿಡ್ಡ. ಅದಕ್ಕೊಂದು ಕರಟ ಕೊಟ್ಟೆ.
ಅರಸೀಕೆರೆಯಲ್ಲಿ ಯಾವುದಕ್ಕೆ ಬರ ಬಂದರೂ
ಕರಟಕ್ಕೆ ಬಂದಿಲ್ಲ.

ಮೊದಲೆರಡು ರಾತ್ರಿ ಕಂಡದ್ದು
ನನ್ನದೇ ರೆಪ್ಪೆಯ ಕೂದಲು,
ಆಮೇಲೆ ರೈಲ್ವೆ ಯಾರ್ಡಿನ ದೀಪ, ಸುತ್ತ ಹುಳ,
ಆಮೇಲೆ ಮಾಲೇಕಲ್ಲು ಬೆಟ್ಟದ ಮೇಲೆ
ಹೊಳೆಹೊಳೆವ ಗುರುಗ್ರಹ.
ಕೆಳಗಿನ ವೆಲ್ಡಿಂಗ್ ಶಾಪಿನ ಇರ್ಫಾನ್ ನೋಡಿ ಹೇಳಿದ:
"ಅಕ್ಕಾ, ಇದಕ್ಕೆ ಕರೆಂಟ್ ಬಿಲ್ ಬರುತ್ತೆ."

ಮೂರನೆಯ ದಿನ ಶನಿವಾರ.
ಏಳೂಕಾಲಕ್ಕೆ ಕರೆಂಟು ಹೋಗಿ
ಇಡೀ ಊರು ಒಮ್ಮೆ "ಓ" ಎಂದು ಸುಮ್ಮನಾಯಿತು.
ತೆಂಕಣಕ್ಕೆ, ನೀರಿನ ಟ್ಯಾಂಕಿನ ಪಕ್ಕ,
ಮಿನುಗದೆ ನಿಂತಿತ್ತು ಒಂದು.
ಮಿನುಗದ್ದು ಗ್ರಹ ಎಂದು ಏಳನೇ ಕ್ಲಾಸಿನ ಮೇಷ್ಟ್ರು ಹೇಳಿದ್ದು
ಇಪ್ಪತ್ತೆಂಟು ವರ್ಷ ನನ್ನೊಳಗೆ ಎಲ್ಲಿ ಕೂತಿತ್ತೋ.

ತಿರುಪು ಹಿಂದಕ್ಕೆ: ಹಬೆ ಕಟ್ಟಿದ ಬಿಳಿ ಉಂಡೆ.
ತಿರುಪು ಮುಂದಕ್ಕೆ: ಉಂಡೆ ಕುಗ್ಗಿತು, ಗಟ್ಟಿಯಾಯಿತು,
ಇನ್ನೊಂದು ಕೂದಲೆಳೆಯಷ್ಟು

ಅಯ್ಯೋ.

ಬಳೆಯಿತ್ತು.
ಪಾಠದ ಪುಸ್ತಕದಲ್ಲಿ ಇದ್ದ ಹಾಗೇ ಇತ್ತು.
ಪುಸ್ತಕದಲ್ಲಿದ್ದದ್ದು ಹೀಗೆ
ಹೇಳದೆ ಕೇಳದೆ ನಿಜವಾಗಿಬಿಡಬಾರದು,
ಎದೆ ತಡೆಯುವುದಿಲ್ಲ.
ಅಕ್ಕಿಕಾಳಿಗಿಂತ ಚಿಕ್ಕದು.
ಕತ್ತಲಿಗೆ ಅಂಟಿಕೊಂಡಿಲ್ಲ, ಯಾವುದಕ್ಕೂ ನೇತುಬಿದ್ದಿಲ್ಲ.
ಎದ್ದುಹೋಗಿ ಕೊಳವೆಯ ಆ ತುದಿಯನ್ನು ಸವರಿ ನೋಡಿದೆ,
ಯಾರಾದರೂ ಚಿತ್ರ ಅಂಟಿಸಿದ್ದಾರಾ ಎಂದು.

ನಾನು ಹುಟ್ಟಿದ್ದು ಒಂದು ಶನಿವಾರ.
ಅಪ್ಪ ಹೋದದ್ದು ಅದರ ಮುಂದಿನದು.
ನೀಲಾಂಬಿಕೆ ಎನ್ನುವುದು ರೇಷನ್ ಕಾರ್ಡಿಗೆ.
ಮನೆಯಲ್ಲಿ ಹಾಲು ಉಕ್ಕಿದರೆ, ಎಮ್ಮೆ ಒದ್ದರೆ,
ಬಂದ ಗಂಡು ಕಾಫಿ ಕುಡಿದು ಉತ್ತರ ಕಳಿಸದಿದ್ದರೆ
"ಎಲ್ಲಿ ಆ ಶನಿ?"
ಓಗೊಟ್ಟಿದ್ದೇನೆ. ಸೌದೆ ಒಡೆಯುತ್ತಿದ್ದರೂ ಬಿಟ್ಟು ಬಂದು
ಓಗೊಟ್ಟಿದ್ದೇನೆ.
ಕಾಗೆಯ ಬಣ್ಣದ, ಕುಂಟುವ,
ಸಿಕ್ಕ ಹೆಗಲು ಏರುವ ಏನೋ ಒಂದು
ತಲೆ ಬಾಚುವಾಗ ಕನ್ನಡಿಯಲ್ಲಿ ನನ್ನ ಹಿಂದೆ ನಿಲ್ಲುತ್ತಿತ್ತು.

ಇದಾ?
ಇದಾ ಅದು?
ಆಗತಾನೆ ಕಡೆದ ಬೆಣ್ಣೆಯ ಬಣ್ಣ.
ಪಕ್ಕದಲ್ಲೊಂದು ಚುಕ್ಕೆ, ತಾಯನ್ನು ಬಿಡದ ಕರುವಿನ ಹಾಗೆ.

ನೋಡುತ್ತಿದ್ದಂತೆ ಅಂಚಿಗೆ ಜಾರಿತು, ಹೋಯಿತು.
ಓಡಿದ್ದು ಅದಲ್ಲವಂತೆ, ನಾವು.
ನಾನು, ತಾರಸಿ, ಒಣಹಾಕಿ ಮರೆತ ಸಂಡಿಗೆ,
ಸಿಗ್ನಲ್ ಸಿಗದೆ ಮುಕ್ಕಾಲು ಗಂಟೆಯಿಂದ
ನಿಂತೇ ಇದ್ದ ಹುಬ್ಬಳ್ಳಿ ಗಾಡಿ,
ಎಲ್ಲ ಸಮೇತ ತಿರುಗುತ್ತಿದ್ದೆವು.

ಹಾಲಮ್ಮತ್ತೆಯನ್ನು ಕೂಗಿದೆ.
ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು.
ಶನಿವಾರವಲ್ಲವೆ, ಕೈಗೆಲ್ಲ ಎಳ್ಳೆಣ್ಣೆಯ ವಾಸನೆ;
ಗುಡಿಯಲ್ಲಿ ದೀಪ ಹಚ್ಚಿ ಬಂದಿದ್ದಳು,
ನನ್ನದೇ ಹೆಸರಲ್ಲಿ, ಎಷ್ಟನೆಯದೋ.
ಪೊರೆ ತೆಗೆಸಿದ ಕಣ್ಣನ್ನೇ ಇಡು ಎಂದೆ.
ಯಾವುದು ಎಂದು ಹೇಳಲಿಲ್ಲ.

"ಏನೂ ಇಲ್ಲ ಕಣೇ. ಬರೀ ಕಪ್ಪು."
"ಮುಟ್ಟಬೇಡ. ಸುಮ್ಮನೆ ನೋಡ್ತಿರು."
ಯಾರ್ಡಿನಲ್ಲಿ ಬೋಗಿಗೆ ಬೋಗಿ ತಾಗಿದ ಸದ್ದು.
ಅವಳ ಬಾಯಿ ಮೆಲ್ಲಗೆ ತೆರೆಯಿತು.

"ಅಯ್ ಶಿವನೇ,
ಎರಡೂ ಕಿವಿಗೆ ಓಲೆ ಹಾಕ್ಕಂಡೈತಲ್ಲೇ!
ಯಾವುದೇ ಇದು?"

ಹೇಳಿದೆ.

ಕಣ್ಣು ತೆಗೆಯಲಿಲ್ಲ.
ಎಷ್ಟೋ ಹೊತ್ತು ಮಾತೂ ಆಡಲಿಲ್ಲ.
ಆಮೇಲೆ, "ಹೋಯ್ತಾ ಐತೆ, ಹಿಡಿಯೇ, ಹಿಡಿಯೇ" ಎಂದು
ತಾನೇ ಕೊಳವೆಯನ್ನು ದನದ ಹಗ್ಗದ ಹಾಗೆ ಎಳೆದಳು,
ಕರಟ ಉರುಳಿತು.
ಆ ಕತ್ತಲಲ್ಲಿ ಇಬ್ಬರೂ ಮಂಡಿಯೂರಿ
ತಡಕಿದೆವು, ಬೇಗ ಬೇಗ,
ಅದು ಟ್ಯಾಂಕಿನ ಹಿಂದೆ ಸರಿಯುವ ಮೊದಲು.