ನಾಲ್ಕನೇ ಜ್ವರ

ಶಿಡ್ಲಘಟ್ಟದಲ್ಲಿ ಬೆಳಗಿನ ಐದಕ್ಕೇ ಗೂಡಿನ ವಾಸನೆ ಏಳುತ್ತದೆ,
ನನಗಿಂತ ಮೊದಲು.
ನಾನು ಏಳುವುದಿಲ್ಲ, ಫೋನು ಎಬ್ಬಿಸುತ್ತದೆ:
"ಹೆಪ್ಸಿ ಅಕ್ಕ, ಕೀಬೋರ್ಡಿನ ಅಡಾಪ್ಟರು ಎಲ್ಲಿ?"
"ಹೆಪ್ಸಿ ಅಕ್ಕ, ಅಪ್ಪ ಮತ್ತೆ ಕುಡಿದು ಬಂದ."
"ಅಕ್ಕ, ಎಚ್ಚರ ಇದ್ದೀರಾ?"
ಇದ್ದೇನೆ. ಆರು ವರ್ಷದಿಂದ ಇದ್ದೇನೆ.

ಯೌವನಸ್ಥರ ಸಂಘದ ಲೆಡ್ಜರಿನಲ್ಲಿ
ಹಾಜರಿ ಮೂವತ್ತೊಂದು,
ಕಾಣಿಕೆ ಇನ್ನೂರ ನಲವತ್ತು, ಸಮೋಸ ಇನ್ನೂರ ಎಪ್ಪತ್ತು.
ಮೇಲಿನ ಮೂವತ್ತು ಯಾರ ಕೈಯಿಂದ ಹೋಯಿತೆಂದು
ಬರೆಯುವ ಕಾಲಮ್ಮೇ ಇಲ್ಲ.

ಹೋದ ತಿಂಗಳು ಒಂದು ದಿನ
ಪ್ರಾರ್ಥನೆಗೆ ಕಣ್ಣು ಮುಚ್ಚಿದವಳು
ಆಮೆನ್ ಅಂದ ಮೇಲೂ ತೆರೆಯಲಿಲ್ಲ.
ಹುಡುಗರು ಆತ್ಮ ಇಳಿದಿದೆ ಎಂದುಕೊಂಡು
ಮೆಲುದನಿಯಲ್ಲಿ ಹಾಡೊಂದನ್ನು ಹಿಡಿದರು.
ಇಳಿದದ್ದು ನಿದ್ದೆ.
ನಾನೂ ತಿದ್ದಲಿಲ್ಲ.

ನಾಚಿಕೆಯ ಇನ್ನೊಂದು ಮಾತೂ ಹೇಳಿಬಿಡುತ್ತೇನೆ.
ಸಲೋಮಿ ಎದುರಿಗೆ ಕೂತು ಅಳುತ್ತಿದ್ದಳು,
ನಾನು ಅವಳ ಭುಜದ ಮೇಲೆ ಕೈಯಿಟ್ಟು
ಮನಸ್ಸಿನಲ್ಲಿ ಕುರ್ಚಿ ಎಣಿಸುತ್ತಿದ್ದೆ.
ಶಾಮಿಯಾನದವನಿಗೆ ಮರಳಿಸಬೇಕಾದವು ಐವತ್ತು,
ಅದರಲ್ಲಿ ಒಂದು ಕಾಲು ಮುರಿದದ್ದು.
ಕೈ ಬೆಚ್ಚಗೇ ಇತ್ತು.
ಒಳಗೆ ಯಾರೂ ಇರಲಿಲ್ಲ.

ಅದೇ ಸಲೋಮಿ ಮೂರು ವಾರ ಬರಲಿಲ್ಲವೆಂದು
ಮೈಯ ಬಿಸಿಯನ್ನು ಮಾತ್ರೆಯಲ್ಲಿ ಮುಚ್ಚಿಟ್ಟು,
ಕ್ಯಾಂಪಿನ ಫಾರಂ ಹಿಡಿದು,
ಮೇಲೂರಿನ ದಾರಿಯಲ್ಲಿ ಅವರ ಮನೆಗೆ ಹೋದೆ.
ಹುಳುಮನೆಯ ಬಾಗಿಲು ತಳ್ಳಿದೆನೋ ಇಲ್ಲವೋ
ಅವಳ ತಾಯಿ ಸುವಾರ್ತಮ್ಮ ಒಳಗಿಂದ:
"ಮೆಲ್ಲಗೆ! ಜ್ವರಕ್ಕೆ ಕೂತಿವೆ."

ಯಾರಿಗೆ ಜ್ವರ ಎಂದು ಕೇಳಲಿಲ್ಲ. ಈ ಊರಿನವಳು, ಗೊತ್ತು,
ಪೊರೆ ಬಿಡುವ ಮುಂಚೆ ಹುಳು ಮೇವು ಬಿಡುತ್ತದೆ.
ಗೊತ್ತಿದ್ದರೂ ನಿಂತು ನೋಡಿರಲಿಲ್ಲ.
ತಟ್ಟೆ ತಟ್ಟೆಯಲ್ಲೂ ಸಾವಿರ ಹುಳು
ತಲೆ ಮೇಲೆತ್ತಿ, ಅಲುಗದೆ.
ಸೋನೆ ಹಿಡಿದಂತೆ ಸದಾ ಸೊಪ್ಪು ಮೇಯುವ ಸದ್ದು
ಪೂರ್ತಿ ನಿಂತುಹೋದ ಕೋಣೆ.

"ಪ್ರಾರ್ಥನೆಗೆ ನಿಂತ ಹಾಗಿವೆ," ಅಂದೆ. ಅಭ್ಯಾಸಬಲ.
"ನಿದ್ದೆ ಕಣಮ್ಮ," ಅಂದಳು ಸುವಾರ್ತಮ್ಮ.
"ನಾಲ್ಕನೇ ಜ್ವರ. ರಾತ್ರಿಗೆ ಏಳ್ತವೆ.
ಪಾಪ ಹಸಿದಾವೇನೋ ಅಂತ ಈಗ ಒಂದು ಹಿಡಿ ಹಾಕಿದೆಯೋ
ಮುಂದಿನದು ತಿಂದು ಹಿಂದಿನದು ಸೊರಗಿ
ಇಡೀ ಬೆಳೆ ಏರುಪೇರು.
ಹಾಕೋದೊಂದೇ ಸಾಕೋದಲ್ಲ."
ಸುಣ್ಣದ ಪುಡಿ ಉದುರಿಸಿ
ಸೆರಗಿಗೆ ಕೈ ಒರೆಸಿಕೊಂಡಳು.

ನನ್ನ ಕೈ ಆಗಲೇ ಚೀಲದಲ್ಲಿ ನೋಟ್‌ಬುಕ್ಕು ತಡಕುತ್ತಿತ್ತು.
ಭಾನುವಾರಕ್ಕೆ ಎಂಥ ಉದಾಹರಣೆ!
ಮೂರು ಅಂಶ, ಒಂದು ವಚನ, ಕೊನೆಗೊಂದು ಹಾಡು.
ಪೆನ್ನಿನ ಮುಚ್ಚಳ ತೆಗೆದವಳು ಹಾಗೇ ಹಾಕಿದೆ.
ಇದು ಅವರಿಗಲ್ಲ.
ಗೂಡಿನ ಕೊನೆ ಕುದಿನೀರೆಂಬುದೂ ಗೊತ್ತು,
ರೀಲಿಂಗ್ ಮನೆಯ ಪಕ್ಕದಲ್ಲೇ ಬೆಳೆದವಳು ನಾನು.
ಯಾವ ಹೋಲಿಕೆಯನ್ನೂ ತುದಿಯವರೆಗೆ ಎಳೆದರೆ
ಎಳೆ ಕಡಿಯುತ್ತದೆ.

ಸಲೋಮಿ ಟೀ ತಂದಳು.
ಅವಳು ಫಾರಂ ಕೇಳಲಿಲ್ಲ, ನಾನು ಕೊಡಲಿಲ್ಲ.
"ಅಕ್ಕ, ನಿಮ್ಮ ಕಣ್ಣು ಯಾಕೆ ಹಿಂಗಾಗಿವೆ?"
ಆರು ವರ್ಷದಲ್ಲಿ ಅಡಾಪ್ಟರಿನದಲ್ಲದ
ಮೊದಲ ಪ್ರಶ್ನೆ.
ಉತ್ತರ ಹುಡುಕುತ್ತ ಸೊಪ್ಪಿನ ಮೂಟೆಗೆ ಒರಗಿದೆ.
ಟೀ ಆರಿತು. ಫೋನು ಎಲೆಗಳೊಳಗೆಲ್ಲೋ
ಗುಂಯ್‌ಗುಟ್ಟಿ, ಗುಂಯ್‌ಗುಟ್ಟಿ, ಸುಮ್ಮನಾಯಿತು.

ಎದ್ದಾಗ ದೀಪ ಹಚ್ಚಿದ್ದರು.
ನನ್ನ ಮೇಲೆ ಯಾರದೋ ದುಪ್ಪಟಿ,
ಕೆನ್ನೆಯ ಮೇಲೆ ಮೂಟೆಯ ಗೋಣಿಯ ಅಚ್ಚು.
ಅಯ್ಯನವರಿಗೆ ಮೆಸೇಜು ಹಾಕಿದೆ:
ಬರುವ ನಾಲ್ಕು ಭಾನುವಾರ ನಾನಿಲ್ಲ.
ಕಾರಣ ಬರೆದೆ, ಅಳಿಸಿದೆ,
ಮತ್ತೆ ಬರೆದೆ, ಅಳಿಸಿಯೇ ಕಳಿಸಿದೆ.

ಒಳಗೆ ಒಂದು ತಟ್ಟೆಯ ಮೂಲೆಯಲ್ಲಿ
ಮೊದಲ ಹುಳು ಎದ್ದು ಅತ್ತಿತ್ತ ತಲೆಯಾಡಿಸುತ್ತಿತ್ತು.
ಸುವಾರ್ತಮ್ಮ ಬಗ್ಗಿ ನೋಡಿದಳು.
ಅದಕ್ಕೂ ಏನೂ ಹಾಕಲಿಲ್ಲ.